ಕರುಣೆಗೂ ಒಂದು ಕಟ್ಟಳೆ

ದಾನ ಮಾಡುವವನು ದೇಶ, ಕಾಲ, ಪಾತ್ರ ಎಂಬ ಮೂರನ್ನೂ ನೋಡಬೇಕೆಂದು ಹಿರಿಯರು ಹೇಳಿದರು. ಎಲ್ಲಿ, ಯಾವಾಗ, ಯಾರಿಗೆ ಎಂಬುದನ್ನು ಎಣಿಸದೆ ಕೊಟ್ಟದ್ದು ಕೊಟ್ಟವನ ಮನಸ್ಸಿಗೆ ಹಿತವಾದೀತು. ಬೇಕಾದವನ ಕೈಗೆ ತಲುಪೀತೆಂದು ಹೇಳಲಾಗದು. ಬಾಗಿಲಿಗೆ ಬಂದ ಒಬ್ಬ ಹಸಿದವನಿಗೆ ಹಿಡಿ ಅನ್ನ ನೀಡುವ ಗೃಹಸ್ಥನಿಗೆ ಈ ವಿವೇಕ ಕಷ್ಟವಲ್ಲ. ಹಸಿದವನು ಎದುರಿಗೇ ನಿಂತಿದ್ದಾನೆ, ಹೊತ್ತು ಊಟದ ಹೊತ್ತು, ಅನ್ನವೂ ಮನೆಯಲ್ಲಿದೆ. ಆದರೆ ಬಾಗಿಲಿಗೆ ಬಂದವರು ಲಕ್ಷೋಪಲಕ್ಷ ಮಂದಿಯಾಗಿ, ನೀಡಲು ಕೈಚಾಚಿದವರು ಹತ್ತಾರು ದೇಶಗಳ ಕೋಟ್ಯಂತರ ಗೃಹಸ್ಥರಾದರೆ ಆ ವಿವೇಕವನ್ನು ಯಾರು ಮಾಡಬೇಕು?

ಯುದ್ಧಕ್ಕೋ ದಂಗೆಗೋ ಹೆದರಿ, ಮಕ್ಕಳನ್ನು ಕಂಕುಳಿನಲ್ಲಿ ಅವುಚಿಕೊಂಡು ಗಡಿ ದಾಟುವ ಜನರ ಚಿತ್ರ ಪತ್ರಿಕೆಯಲ್ಲಿ ಬಂದೊಡನೆ ಸಾವಿರ ಊರುಗಳಲ್ಲಿ ಒಂದೇ ಗಳಿಗೆಯಲ್ಲಿ ಮನಸ್ಸು ಕರಗುತ್ತದೆ. ಒಬ್ಬರು ಹಣ ಕಳಿಸುತ್ತಾರೆ, ಇನ್ನೊಬ್ಬರು ಹಳೆಯ ಬಟ್ಟೆಯ ಗಂಟು ಕಟ್ಟುತ್ತಾರೆ. ಇವೆಲ್ಲವೂ ಕೊನೆಗೆ ಸೇರಬೇಕಾದದ್ದು ಗಡಿಯಂಚಿನ ಒಂದು ಕಿರಿದಾದ ರಸ್ತೆಯ ತುದಿಗೆ. ಆ ತುದಿಯಲ್ಲಿ ನಿಂತು ಲೆಕ್ಕ ಹಿಡಿದು ಹಂಚುವವರಿಲ್ಲದಿದ್ದರೆ ಆ ಕರುಣೆಯೆಲ್ಲ ಏನಾಗುತ್ತದೆ? ಈ ಪ್ರಶ್ನೆಗೆ ಉತ್ತರವನ್ನು ಲೋಕವು ಪುಸ್ತಕದಿಂದ ಕಲಿಯಲಿಲ್ಲ. ಗೋಮಾ ಎಂಬ ಊರಿನಲ್ಲಿ, ಬಹಳ ದೊಡ್ಡ ಬೆಲೆ ತೆತ್ತು ಕಲಿಯಿತು.

ಆಫ್ರಿಕದ ನಡುಭಾಗದಲ್ಲಿರುವ ರುವಾಂಡಾ ಎಂಬ ಪುಟ್ಟ ದೇಶದಲ್ಲಿ 1994ರ ಏಪ್ರಿಲ್‌ನಿಂದ ಜುಲೈವರೆಗೆ, ಸುಮಾರು ನೂರು ದಿನಗಳ ಕಾಲ, ತುತ್ಸಿ ಜನಾಂಗದವರ ಘೋರವಾದ ನರಮೇಧ ನಡೆಯಿತು. ಕಡೆಗೆ ತುತ್ಸಿಗಳೇ ಮುಖ್ಯವಾಗಿದ್ದ ಬಂಡಾಯದ ಸೇನೆ ರಾಜಧಾನಿಯನ್ನು ಹಿಡಿದಾಗ ಪ್ರತೀಕಾರಕ್ಕೆ ಹೆದರಿದ ಹುಟು ಜನರು ಪಶ್ಚಿಮದ ಗಡಿಯ ಕಡೆಗೆ ಓಡಿದರು. ಜುಲೈ ತಿಂಗಳ ನಡುವಿನ ಕೆಲವೇ ದಿನಗಳಲ್ಲಿ 5 ಲಕ್ಷದಿಂದ 8 ಲಕ್ಷದಷ್ಟು ಜನ ಅಂದಿನ ಜಯೀರ್, ಇಂದಿನ ಕಾಂಗೋ ದೇಶದ ಗೋಮಾ ಪಟ್ಟಣದ ಸುತ್ತ ಬಂದು ತುಂಬಿದರು. ಒಂದು ದೊಡ್ಡ ನಗರಕ್ಕೆ ನಗರವೇ ಎದ್ದು ಬಂದು ಬಯಲಿನಲ್ಲಿ ಕುಳಿತಂತಾಯಿತು.

ಆ ಬಯಲಾದರೂ ಎಂಥದು? ಜ್ವಾಲಾಮುಖಿಯ ಲಾವಾರಸ ಹರಿದು ಹೆಪ್ಪುಗಟ್ಟಿದ ಕರಿಬಂಡೆಯ ನೆಲ. ಅಲ್ಲಿ ಬಾವಿ ತೋಡಲಾಗದು, ಪಾಯಿಖಾನೆಗೆ ಗುಂಡಿ ಅಗೆಯಲಾಗದು. ಸತ್ತವರನ್ನು ಹೂಳುವುದಕ್ಕೂ ನೆಲ ಬಾಯಿ ಬಿಡದು. ಕಿಬುಂಬಾ ಎಂಬಲ್ಲಿ ಎದ್ದ ದೊಡ್ಡ ಶಿಬಿರಕ್ಕೆ ಹತ್ತಿರದಲ್ಲಿ ನೀರಿನ ಸೆಲೆಯೇ ಇರಲಿಲ್ಲ. ನೀರನ್ನು ಲಾರಿಗಳಲ್ಲಿ ಸಾಗಿಸಬೇಕಾಯಿತು. ಮೊದಲ ವಾರದಲ್ಲಿ ಶುದ್ಧಗೊಳಿಸಿದ ನೀರು ಒಬ್ಬನಿಗೆ ದಿನಕ್ಕೆ ಸಿಕ್ಕಿದ್ದು ಸರಾಸರಿ ಕಾಲು ಲೀಟರಿಗಿಂತ ಕಡಿಮೆ. ಬಾಯಾರಿದವರು ಕಿವು ಸರೋವರದ ನೀರನ್ನು ಹಾಗೆಯೇ ಕುಡಿದರು. ಜುಲೈ 20ರ ಹೊತ್ತಿಗೆ ಕಾಲರಾ ಕಾಣಿಸಿಕೊಂಡಿತು. ಒಂದು ತಿಂಗಳು ತುಂಬುವುದರೊಳಗೆ ಸತ್ತವರು 50,000ದ ಹತ್ತಿರ. ಹೂಳಲು ನೆಲವಿಲ್ಲದ ಹೆಣಗಳನ್ನು ಚಾಪೆಯಲ್ಲಿ ಸುತ್ತಿ ರಸ್ತೆಯ ಬದಿಯಲ್ಲಿ ಸಾಲಾಗಿ ಇಟ್ಟಿದ್ದ ದೃಶ್ಯ ಲೋಕದ ಪತ್ರಿಕೆಗಳಲ್ಲೆಲ್ಲ ಬಂದಿತು.

ಲೋಕವು ಕೈಕಟ್ಟಿ ಕುಳಿತಿತ್ತೆ? ಇಲ್ಲ, ಅದೇ ಇಲ್ಲಿ ಯೋಚಿಸತಕ್ಕ ವಿಷಯ. ವಿಮಾನಗಳು ಒಂದರ ಹಿಂದೊಂದು ಇಳಿದವು, ಹಣ ಹರಿದು ಬಂತು, ಹತ್ತಾರು ದೇಶಗಳ ಸೇವಾಸಂಸ್ಥೆಗಳು ತಮ್ಮ ತಮ್ಮ ಬಾವುಟ ಹಿಡಿದು ಬಂದವು. ಪಳಗಿದವರೂ ಬಂದರು, ಅಂಥ ಕೆಲಸವನ್ನು ಹಿಂದೆಂದೂ ಮಾಡದಿದ್ದವರೂ ಬಂದರು. ಹತ್ತು ಮಂದಿ ಕೂಡಿದಲ್ಲಿ ಹಾವು ಸಾಯದೆಂಬ ಗಾದೆಯುಂಟು. ಹಾವು ಸಾಯದಿರುವುದು ಕೈಯಲ್ಲಿ ಕೋಲಿಲ್ಲದ್ದರಿಂದಲ್ಲ. ಯಾರು ಹೊಡೆಯಬೇಕೆಂಬುದು ಗೊತ್ತಿಲ್ಲದ್ದರಿಂದ.

ಕಾಲರಾ ಚಿಕಿತ್ಸೆಯ ವಿಷಯದಲ್ಲಿ ಈ ಮಾತು ಅಕ್ಷರಶಃ ನಿಜವಾಯಿತು. ಆ ರೋಗದಲ್ಲಿ ಮನುಷ್ಯ ಸಾಯುವುದು ಮೈಯ ನೀರೂ ಉಪ್ಪೂ ಬತ್ತಿಹೋಗಿ. ಅವನ್ನು ಬೇಗ ತುಂಬಿಕೊಟ್ಟರೆ ರೋಗಿ ಬದುಕುತ್ತಾನೆ. ಇದನ್ನು ಹೇಗೆ ಮಾಡಬೇಕೆಂಬುದು 1994ರಲ್ಲಿ ಹೊಸ ವಿದ್ಯೆಯೇನೂ ಆಗಿರಲಿಲ್ಲ. ಇಪ್ಪತ್ತಮೂರು ವರ್ಷಗಳ ಹಿಂದೆ, ಭಾರತದ ನೆಲದಲ್ಲಿಯೇ, ಇನ್ನೊಂದು ನಿರಾಶ್ರಿತರ ಶಿಬಿರದಲ್ಲಿ ಅದು ಸಿದ್ಧವಾಗಿತ್ತು.

1971ರಲ್ಲಿ ಪೂರ್ವ ಪಾಕಿಸ್ತಾನದಿಂದ ಸುಮಾರು 1 ಕೋಟಿ ಜನ ಭಾರತಕ್ಕೆ ಓಡಿಬಂದರು. ಗಡಿಯ ಪಟ್ಟಣವಾದ ಬನಗಾಂವ್‌ನ ಆಸ್ಪತ್ರೆಯಲ್ಲಿ ಕಾಲರಾ ರೋಗಿಗಳು ನೆಲದ ಮೇಲೆ ಮಲಗಿದ್ದರು; ನರಕ್ಕೆ ಏರಿಸುವ ಸಲೈನ್ ಮುಗಿಯುತ್ತ ಬಂದಿತ್ತು. ಅಲ್ಲಿದ್ದ ಡಾಕ್ಟರ್ ದಿಲೀಪ್ ಮಹಾಲನಬೀಸ್ ಅವರು ಗ್ಲೂಕೋಸ್, ಅಡುಗೆಯ ಉಪ್ಪು, ಸೋಡಾ ಇವನ್ನು ಗೊತ್ತಾದ ಅಳತೆಯಲ್ಲಿ ನೀರಿಗೆ ಬೆರೆಸಿ, ನಲ್ಲಿಯಿರುವ ಪೀಪಾಯಿಗಳಲ್ಲಿ ತುಂಬಿಸಿಟ್ಟರು. ರೋಗಿಯ ತಾಯಿಯೋ ತಂದೆಯೋ ಲೋಟದಲ್ಲಿ ಹಿಡಿದು ತಂದು ಕುಡಿಸಬೇಕು, ಅಷ್ಟೆ. ಶೇಕಡಾ 30ರ ಆಸುಪಾಸಿನಲ್ಲಿದ್ದ ಸಾವು ಶೇಕಡಾ 4ಕ್ಕಿಂತ ಕೆಳಕ್ಕೆ ಇಳಿಯಿತು. ಇಂದು ಔಷಧದ ಅಂಗಡಿಯಲ್ಲಿ ದೊರೆಯುವ ಓ.ಆರ್.ಎಸ್. ಪೊಟ್ಟಣದ ಯೋಗ್ಯತೆಯನ್ನು ಲೋಕಕ್ಕೆ ತೋರಿಸಿಕೊಟ್ಟದ್ದು ಆ ಪೀಪಾಯಿಗಳು. 2022ರಲ್ಲಿ ತೀರಿಕೊಂಡ ಮಹಾಲನಬೀಸರಿಗೆ ಮರುವರ್ಷ ಪದ್ಮವಿಭೂಷಣ ಪ್ರಶಸ್ತಿ ಸಂದಿತು.

ಇಷ್ಟಿದ್ದೂ ಗೋಮಾದಲ್ಲಿ ಆದದ್ದೇನು? ಅಲ್ಲಿನ ಒಂದು ಚಿಕಿತ್ಸಾಕೇಂದ್ರದಲ್ಲಿ ಸಾವಿನ ಪ್ರಮಾಣ ಶೇಕಡಾ 48ಕ್ಕೆ ಮುಟ್ಟಿತ್ತು. ವೈದ್ಯರಿದ್ದರು, ಔಷಧವಿತ್ತು, ಆದರೆ ದ್ರವವನ್ನು ಎಷ್ಟು ಬೇಗ, ಎಷ್ಟು ಪ್ರಮಾಣದಲ್ಲಿ ಕೊಡಬೇಕೆಂಬ ಅನುಭವವಿರಲಿಲ್ಲ, ಬಾಯಿಯಿಂದ ಕುಡಿಸುವ ಕ್ರಮವನ್ನು ಸಾಕಷ್ಟು ಬಳಸಲಿಲ್ಲ. ಢಾಕಾ ನಗರದ ಅತಿಸಾರ ಸಂಶೋಧನ ಕೇಂದ್ರದಿಂದ ವೈದ್ಯರ ಒಂದು ತಂಡ ಬಂದು ಆ ಕೇಂದ್ರದ ಕೆಲಸವನ್ನು ಕೈಗೆತ್ತಿಕೊಂಡ ಮೇಲೆ ಸಾವು ಶೇಕಡಾ 1ಕ್ಕಿಂತ ಕಡಿಮೆಯಾಯಿತು. ಬಂಗಾಳದ ನೆಲದಲ್ಲಿ ಕಲಿತ ವಿದ್ಯೆಯನ್ನು ಬಂಗಾಳದವರೇ ಬಂದು ಮತ್ತೆ ಕಲಿಸಬೇಕಾಯಿತು. ಆ ವಿದ್ಯೆ ಮೊದಲ ದಿನವೇ ಎಲ್ಲ ಡೇರೆಗಳಿಗೂ ತಲುಪಿದ್ದರೆ ಎಷ್ಟು ಪ್ರಾಣ ಉಳಿಯುತ್ತಿತ್ತೋ ಲೆಕ್ಕ ಹಾಕುವುದೇ ಸಂಕಟ. ಹೊಂದಾಣಿಕೆ ಎಂಬ ಒಣ ಮಾತಿನ ಅರ್ಥ ಇದು: ಒಬ್ಬರಿಗೆ ಗೊತ್ತಿರುವುದು ಎಲ್ಲರಿಗೂ ಸಕಾಲದಲ್ಲಿ ಗೊತ್ತಾಗುವುದು.

1971ರ ವ್ಯವಸ್ಥೆಯಲ್ಲಿ ಕುಂದುಗಳಿರಲಿಲ್ಲವೆಂದಲ್ಲ. ಕಾಲರಾ ಆಗಲೂ ಸಾವಿರಾರು ಜನರನ್ನು ಕೊಂದಿತು. ಹೊರದೇಶಗಳ ಹಣ ಖರ್ಚಿಗೆ ಸಾಲದೆ ಹೊರೆಯ ಬಹುಭಾಗ ಭಾರತದ ಹೆಗಲ ಮೇಲೆಯೇ ಉಳಿಯಿತು. ಆದರೆ ಮನೆಗೊಬ್ಬ ಯಜಮಾನನಿದ್ದ. ಸುಮಾರು 825 ಶಿಬಿರಗಳ ಆಡಳಿತವನ್ನು ಭಾರತ ಸರ್ಕಾರ ತನ್ನ ಕೈಯಲ್ಲೇ ಇಟ್ಟುಕೊಂಡಿತು. ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿ ಊ ಥಾಂಟ್ ಅವರು ನಿರಾಶ್ರಿತರ ಹೈಕಮಿಷನರ್ ಆಗಿದ್ದ ಸದ್ರುದ್ದೀನ್ ಆಗಾ ಖಾನ್ ಅವರ ಕಚೇರಿಯನ್ನು ಇಡೀ ನೆರವಿನ ಕೇಂದ್ರಬಿಂದುವೆಂದು ನೇಮಿಸಿದರು. ಯೂನಿಸೆಫ್, ವಿಶ್ವ ಆಹಾರ ಕಾರ್ಯಕ್ರಮ, ವಿಶ್ವ ಆರೋಗ್ಯ ಸಂಸ್ಥೆ ಇವೆಲ್ಲದರ ನೆರವು ಆ ಕೇಂದ್ರದ ಮೂಲಕ ಕೂಡಿಬಂದು, ದೆಹಲಿಯಲ್ಲಿ ಸರ್ಕಾರದ ಸಮಿತಿಯೊಂದರ ಮುಂದೆ ಲೆಕ್ಕಕ್ಕೆ ಬರುತ್ತಿತ್ತು. ಗೋಮಾದಲ್ಲಿ ಇಂಥ ಯಜಮಾನ ಇರಲಿಲ್ಲ. ಜಯೀರ್ ಸರ್ಕಾರ ತಾನೇ ಜೀರ್ಣವಾಗಿತ್ತು.

ಯಜಮಾನನಿಲ್ಲದ ಮನೆಗೆ ಇನ್ನೊಬ್ಬ ಯಜಮಾನ ತಾನಾಗಿಯೇ ಬಂದು ಕೂರುತ್ತಾನೆ. ಗೋಮಾ ಶಿಬಿರಗಳಲ್ಲಿ ಹಾಗೆ ಬಂದು ಕುಳಿತವರು ನರಮೇಧ ನಡೆಸಿದ ಮುಖಂಡರೇ. ನಿರಾಶ್ರಿತರ ಜೊತೆಯಲ್ಲಿ ಹಳೆಯ ಸೇನೆಯವರೂ ಕೊಲೆಗಡುಕ ದಳದವರೂ ಗಡಿ ದಾಟಿದ್ದರು. ಧಾನ್ಯವನ್ನು ಬೇಗ ಹಂಚುವ ಆತುರದಲ್ಲಿ ಸಂಸ್ಥೆಗಳು ಊರಿನ ಮುಖಂಡರ ಕೈಗೇ ಚೀಲಗಳನ್ನು ಒಪ್ಪಿಸಿದವು. ಆ ಮುಖಂಡರು ಜನರ ಸಂಖ್ಯೆಯನ್ನು ಹೆಚ್ಚಿಸಿ ಬರೆಸಿದರು, ಉಳಿದ ಧಾನ್ಯದಿಂದ ತಮ್ಮ ದಳವನ್ನು ಸಾಕಿದರು, ಊರಿಗೆ ಮರಳಬೇಕೆಂದವರನ್ನು ಹೆದರಿಸಿದರು. ವಿಧವೆಯರಿಗೂ ಅನಾಥ ಮಕ್ಕಳಿಗೂ ಸಿಕ್ಕಿದ್ದು ಮಿಕ್ಕಿದ್ದು. ಇದನ್ನು ಸಹಿಸಲಾರದೆ 'ಗಡಿಯಿಲ್ಲದ ವೈದ್ಯರು' ಎಂಬ ಸಂಸ್ಥೆಯ ಫ್ರೆಂಚ್ ಶಾಖೆ 1994ರ ನವೆಂಬರ್‌ನಲ್ಲಿ ಶಿಬಿರಗಳನ್ನು ಬಿಟ್ಟು ಹೊರನಡೆಯಿತು. ಬಿಟ್ಟುಹೋದರೆ ನಿರಪರಾಧಿಗಳು ಸಾಯುವರೆಂದು ಉಳಿದವರೂ ಇದ್ದರು. ಇಬ್ಬರದೂ ಸುಲಭದ ದಾರಿಯಾಗಿರಲಿಲ್ಲ. ಪಾತ್ರವನ್ನು ನೋಡದೆ ಕೊಟ್ಟ ದಾನ ವ್ಯರ್ಥವಾಗುವುದಷ್ಟೇ ಅಲ್ಲ, ಅಪಾಯವೂ ಆಗಬಲ್ಲದೆಂಬುದು ಎಲ್ಲರಿಗೂ ಮನವರಿಕೆಯಾಯಿತು.

ಗೋಮಾದ ನಂತರ ನೆರವಿನ ಲೋಕ ತನ್ನನ್ನು ತಾನೇ ಪರೀಕ್ಷೆಗೆ ಒಡ್ಡಿಕೊಂಡಿತೆಂಬುದನ್ನು ಮೆಚ್ಚಿ ಹೇಳಬೇಕು. ಡೆನ್ಮಾರ್ಕ್ ದೇಶದ ಮುಂದಾಳುತನದಲ್ಲಿ ಅನೇಕ ಸರ್ಕಾರಗಳೂ ಸಂಸ್ಥೆಗಳೂ ಕೂಡಿ ನಡೆಸಿದ ವಿಚಾರಣೆಯ ವರದಿ 1996ರಲ್ಲಿ ಹೊರಬಿತ್ತು. ರಾಜಕೀಯದಿಂದ ಆಗಬೇಕಾದ ಕೆಲಸವನ್ನು ಅನ್ನ ಔಷಧಗಳಿಂದ ಮಾಡಿಸಲಾಗದೆಂಬುದು ಅದರ ಮುಖ್ಯ ಮಾತು. ಮರುವರ್ಷ ಸ್ವಯಂಸೇವಾ ಸಂಸ್ಥೆಗಳೂ ರೆಡ್ ಕ್ರಾಸ್ ಬಳಗವೂ ಸೇರಿ 'ಸ್ಫಿಯರ್' ಎಂಬ ಹೆಸರಿನಲ್ಲಿ ಒಂದು ಕಟ್ಟಳೆಯ ಪುಸ್ತಕವನ್ನು ಸಿದ್ಧಪಡಿಸಲು ತೊಡಗಿದವು.

ಆ ಪುಸ್ತಕದಲ್ಲಿ ಇರುವುದೇನು? ಭಾವಾವೇಶದ ಮಾತಲ್ಲ, ಅಂಕಿಗಳು. ಒಬ್ಬನಿಗೆ ದಿನಕ್ಕೆ ಕನಿಷ್ಠ 15 ಲೀಟರ್ ನೀರು. ಒಂದು ನಲ್ಲಿಗೆ 250ಕ್ಕಿಂತ ಹೆಚ್ಚು ಜನ ಕೂಡದು. ನೀರಿನ ಜಾಗ ಬಿಡಾರದಿಂದ 500 ಮೀಟರಿಗಿಂತ ದೂರವಿರಬಾರದು. ಒಂದು ಪಾಯಿಖಾನೆಗೆ 20 ಜನ. ಒಬ್ಬನಿಗೆ ಮೂರೂವರೆ ಚದರ ಮೀಟರ್ ನೆರಳು. ದಿನಕ್ಕೆ 2,100 ಕ್ಯಾಲೊರಿ ಆಹಾರ. ಓದುವವರಿಗೆ ಇದು ಜಮಾಖರ್ಚಿನ ಪುಸ್ತಕದಂತೆ ಕಂಡೀತು. ಆದರೆ ಮನೆ ನಡೆಸುವ ಗೃಹಿಣಿಗೆ ಇದರ ಮಹತ್ವವನ್ನು ವಿವರಿಸಬೇಕಾಗಿಲ್ಲ. ಕುಡಿಯಲು, ಅಡುಗೆಗೆ, ಮೈ ತೊಳೆಯಲು ಎಲ್ಲಕ್ಕೂ ಸೇರಿ 15 ಲೀಟರೆಂದರೆ ಒಂದು ದೊಡ್ಡ ಬಕೆಟ್ಟು. ಅದರೊಳಗೆ ಒಂದು ದಿನ ಕಳೆದು ನೋಡಿದರೆ ಸಾಕು. ಈ ಅಂಕಿಗಳು ಬಂದಮೇಲೆ, ತಾವು ಬಹಳ ಮಾಡಿದೆವೆಂದು ಯಾವ ಸಂಸ್ಥೆಯೂ ತನ್ನ ಬೆನ್ನನ್ನು ತಾನೇ ತಟ್ಟಿಕೊಳ್ಳುವುದು ಕಷ್ಟವಾಯಿತು. ಅಳತೆಗೋಲು ಎದುರಿಗಿದೆ, ಮುಟ್ಟಿತೋ ಇಲ್ಲವೋ ಅಷ್ಟೇ ಪ್ರಶ್ನೆ.

ಯಾರು ಯಾವ ಕೆಲಸ ಮಾಡಬೇಕೆಂಬುದಕ್ಕೂ ನಿಧಾನವಾಗಿ ಒಂದು ಏರ್ಪಾಡು ಬಂದಿತು. ವಿಪತ್ತಿನ ನೆರವನ್ನು ಹೊಂದಿಸುವ ಅಧಿಕಾರಿಯೊಬ್ಬನನ್ನು ನೇಮಿಸುವ ನಿರ್ಣಯವನ್ನು ವಿಶ್ವಸಂಸ್ಥೆಯ ಮಹಾಸಭೆ 1991ರ ಡಿಸೆಂಬರ್‌ನಲ್ಲಿಯೇ ಅಂಗೀಕರಿಸಿತ್ತು. 2005ರಲ್ಲಿ ನೀರು, ಆರೋಗ್ಯ, ವಸತಿ ಮುಂತಾಗಿ ಕೆಲಸಗಳನ್ನು ವಿಂಗಡಿಸಿ, ಪ್ರತಿಯೊಂದಕ್ಕೂ ಒಂದೊಂದು ಸಂಸ್ಥೆಯನ್ನು ಮುಖಂಡನನ್ನಾಗಿ ಮಾಡುವ ಪದ್ಧತಿ ಆರಂಭವಾಯಿತು. ಗಡಿ ದಾಟಿ ಬಂದ ನಿರಾಶ್ರಿತರ ವಿಷಯದಲ್ಲಿ ಸಾಮಾನ್ಯವಾಗಿ ಮುಂದಾಳುತನ, 1951ರಿಂದ ಕೆಲಸ ಮಾಡುತ್ತಿರುವ ಹೈಕಮಿಷನರ್ ಕಚೇರಿಯದು. ಇವರೆಲ್ಲರ ಕೈಯಲ್ಲಿರುವ ಅತಿ ಮುಖ್ಯವಾದ ಆಯುಧ ಯಾವುದೆಂದರೆ ಮೂರು ಕಲಮುಗಳ ಒಂದು ಸಾಧಾರಣ ಪಟ್ಟಿ: ಯಾರು, ಏನು, ಎಲ್ಲಿ. ಪ್ರತಿಯೊಂದು ಸಂಸ್ಥೆಯೂ ಅದನ್ನು ತುಂಬಬೇಕು. ಒಂದು ಬೀದಿಗೆ ಮೂವರು ಕಂಬಳಿ ಕೊಡುತ್ತಿದ್ದು, ಪಕ್ಕದ ಬೀದಿಗೆ ಯಾರೂ ನೀರು ಕೊಡದಿದ್ದರೆ ಪಟ್ಟಿಯಲ್ಲಿ ಬರಿಯ ಜಾಗ ಎದ್ದು ಕಾಣುತ್ತದೆ. ಸಂಸ್ಥೆಗಳನ್ನು ಕೂಡಿಸಿ ನಡೆಸುವ ಸಭೆಯ ಸಾರವೆಲ್ಲ ಆ ಬರಿಯ ಜಾಗವನ್ನು ತುಂಬುವುದರಲ್ಲಿದೆ.

ಇಷ್ಟೆಲ್ಲ ಕಲಿತದ್ದರ ಪರೀಕ್ಷೆ ನಡೆದದ್ದು 2017ರಲ್ಲಿ, ಬಾಂಗ್ಲಾದೇಶದ ಕಾಕ್ಸ್ ಬಜಾರಿನಲ್ಲಿ. ಆಗಸ್ಟ್ 25ರಿಂದ ಮೊದಲ್ಗೊಂಡು ಕೆಲವೇ ತಿಂಗಳಲ್ಲಿ ಮ್ಯಾನ್ಮಾರ್ ದೇಶದಿಂದ 7 ಲಕ್ಷಕ್ಕೂ ಹೆಚ್ಚು ರೋಹಿಂಗ್ಯಾ ಜನ ಓಡಿಬಂದರು. ಮೊದಲು ಅನ್ನ ನೀಡಿದವರು ಸುತ್ತಲಿನ ಹಳ್ಳಿಗಳ ಬಡ ಜನರೇ. ದೂರದ ಪಟ್ಟಣಗಳಿಂದಲೂ ಉದಾರಿಗಳು ಲಾರಿಗಳಲ್ಲಿ ಬಟ್ಟೆಬರೆ ತುಂಬಿಕೊಂಡು ಬಂದು ದಾರಿಯಲ್ಲಿಯೇ ಹಂಚತೊಡಗಿದರು. ಸೆಪ್ಟೆಂಬರ್ 15ರಂದು ಹಾಗೆ ಬಟ್ಟೆ ಹಂಚುತ್ತಿದ್ದ ಕಡೆ ನೂಕುನುಗ್ಗಲಾಗಿ ಒಬ್ಬ ಹೆಂಗಸೂ ಇಬ್ಬರು ಮಕ್ಕಳೂ ತುಳಿತಕ್ಕೆ ಸಿಕ್ಕಿ ಸತ್ತರು. ಕೊಂದವರ ಊರಿನಿಂದ ತಪ್ಪಿಸಿಕೊಂಡು ಬಂದವರು ಕೊಡುವವರ ಕೈಯ ಕೆಳಗೆ ಸತ್ತರು. ಆ ಬಟ್ಟೆಯನ್ನು ಕಟ್ಟಿ ಕಳಿಸಿದ ಮನೆಯವರು ಯಾರಿಗೂ ಕೇಡನ್ನು ಬಯಸಿದವರಲ್ಲ.

ಆಮೇಲೆ ಹಂಚುವ ಕೆಲಸ ಒಂದು ಕಟ್ಟಿಗೆ ಬಂದಿತು. ಸೇನೆಯವರು ದಾರಿಯನ್ನೂ ಹಂಚಿಕೆಯ ಸ್ಥಳಗಳನ್ನೂ ಕ್ರಮಪಡಿಸಿದರು. ಸರ್ಕಾರದ ನಿರಾಶ್ರಿತರ ಕಮಿಷನರ್ ಒಂದು ಕಡೆ, ಅಂತರರಾಷ್ಟ್ರೀಯ ವಲಸೆ ಸಂಸ್ಥೆ, ಹೈಕಮಿಷನರ್ ಕಚೇರಿ ಮೊದಲಾದವು ಇನ್ನೊಂದು ಕಡೆ ಕುಳಿತು ಕೆಲಸಗಳನ್ನು ಹಂಚಿಕೊಂಡವು. ಶಿಬಿರಗಳಿಗೆ ಸಂಖ್ಯೆ ಬಂತು, ಕುಟುಂಬಗಳಿಗೆ ಚೀಟಿ ಬಂತು. ಎಲ್ಲಕ್ಕೂ ಮುಖ್ಯವಾದುದು ಅಕ್ಟೋಬರ್ ತಿಂಗಳ ಕೆಲಸ. ಕಾಲರಾ ಕಾಣಿಸಿಕೊಳ್ಳುವವರೆಗೆ ಕಾಯದೆ, 9 ಲಕ್ಷ ಗುಕ್ಕು ಲಸಿಕೆಯನ್ನು ತರಿಸಿ, ಬಾಯಿಗೆ ಹಾಕುವ ಕಾರ್ಯ ಆರಂಭವಾಯಿತು. ಮೊದಲ ಸುತ್ತಿನಲ್ಲಿಯೇ ಸುಮಾರು 7 ಲಕ್ಷ ಜನರಿಗೆ ಅದು ತಲುಪಿತು. ಡಿಫ್ತೀರಿಯಾ ರೋಗ ಅಲ್ಲಿ ಹರಡಿತೆಂಬುದು ನಿಜ. ಆದರೆ ಗೋಮಾದಷ್ಟೇ ದೊಡ್ಡದಾದ ಆ ಜನಸಂದಣಿಯಲ್ಲಿ, ಅಷ್ಟೇ ಕೊಳಕು ನೀರಿನ ನಡುವೆ, ಗೋಮಾದ ಕಾಲರಾ ಮರುಕಳಿಸಲಿಲ್ಲ. ಆಗದೆ ಹೋದ ಸಾವುಗಳ ಚಿತ್ರವನ್ನು ಯಾವ ಪತ್ರಿಕೆಯೂ ಅಚ್ಚುಮಾಡಲಾರದು. ಕ್ರಮಬದ್ಧವಾದ ನೆರವಿಗೆ ಕೀರ್ತಿ ಕಡಿಮೆ ಏಕೆಂಬುದಕ್ಕೆ ಕಾರಣ ಇದೇ.

ಹಾಗೆಂದು ಪಟ್ಟಿ, ಸಭೆ, ಸಂಖ್ಯೆಗಳಿಂದಲೇ ಎಲ್ಲವೂ ನೆರವೇರುವುದೆಂದು ತಿಳಿಯಬಾರದು. ಬುಟ್ಟಿಯಲ್ಲಿ ಇರುವುದನ್ನು ನ್ಯಾಯವಾಗಿ ಹಂಚುವುದಷ್ಟೇ ಅವುಗಳ ಶಕ್ತಿ; ಬರಿದಾದ ಬುಟ್ಟಿಯನ್ನು ಅವು ತುಂಬಲಾರವು. 2023ರಲ್ಲಿ ದಾನಿ ದೇಶಗಳ ಹಣ ಸಾಲದೆ ಹೋದಾಗ ಕಾಕ್ಸ್ ಬಜಾರಿನಲ್ಲಿ ಒಬ್ಬನಿಗೆ ತಿಂಗಳಿಗೆ 12 ಡಾಲರಿದ್ದ ಆಹಾರದ ಪಾಲು ಮೊದಲು 10ಕ್ಕೆ, ಜೂನ್ ತಿಂಗಳಲ್ಲಿ 8ಕ್ಕೆ ಇಳಿಯಿತು. ಮರುವರ್ಷ ಅದನ್ನು ಮತ್ತೆ ಏರಿಸಿದರಾದರೂ ಆ ನಡುವಿನ ತಿಂಗಳುಗಳನ್ನು ಮಕ್ಕಳು ಅರೆಹೊಟ್ಟೆಯಲ್ಲಿ ಕಳೆದರು. ಸಂಸ್ಥೆಗಳ ಸಭೆಯೇ ಒಂದು ದರ್ಬಾರಾಗಿ, ಇಂಗ್ಲಿಷ್ ಬಾರದ ಸ್ಥಳೀಯ ಸೇವಕನಿಗೆ ಅಲ್ಲಿ ಮೂಲೆಯ ಕುರ್ಚಿಯೂ ಸಿಗದೆಂಬ ದೂರು ಕೂಡ ಹಳೆಯದು. ನೆರವಿನ ಹಣದಲ್ಲಿ ನಾಲ್ಕನೆಯ ಒಂದು ಪಾಲಾದರೂ 2020ರ ಹೊತ್ತಿಗೆ ಆಯಾ ದೇಶದ ಸಂಸ್ಥೆಗಳಿಗೆ ನೇರವಾಗಿ ಹೋಗಲೆಂದು 2016ರಲ್ಲಿ ಇಸ್ತಾಂಬುಲ್ ಸಮ್ಮೇಳನದ ಹೊತ್ತಿಗೆ ದೊಡ್ಡ ದಾನಿಗಳು ಒಪ್ಪಿದರು. ಗಡುವು ಕಳೆಯಿತು; ಮಾತು ಉಳಿಯಲಿಲ್ಲ.

ಇನ್ನೂ ಒಂದು ಸಂಗತಿ ಉಂಟು. ತುತ್ತು ಕೊಡುವುದು ಮೊದಲ ತಿಂಗಳ ಧರ್ಮ. ಹತ್ತನೆಯ ವರ್ಷವೂ ತುತ್ತನ್ನೇ ಕೊಡಬೇಕಾಗಿ ಬಂದರೆ ಎಲ್ಲಿಯೋ ಲೆಕ್ಕ ತಪ್ಪಿದೆಯೆಂದೇ ಅರ್ಥ. ಈ ಪಾಠಕ್ಕೆ ಕನ್ನಡ ನಾಡಿನಲ್ಲಿಯೇ ಉದಾಹರಣೆ ಇದೆ. 1959ರಲ್ಲಿ ಟಿಬೆಟಿನ ಜನ ದಲಾಯಿ ಲಾಮಾ ಅವರ ಹಿಂದೆ ಭಾರತಕ್ಕೆ ಬಂದಾಗ, ಹೊರದೇಶಗಳಿಂದ ಬರುವ ನೆರವನ್ನು ಕೂಡಿಸಿ ಹಂಚಲು ಆಚಾರ್ಯ ಕೃಪಲಾನಿಯವರ ಅಧ್ಯಕ್ಷತೆಯಲ್ಲಿ ಒಂದು ಕೇಂದ್ರ ಪರಿಹಾರ ಸಮಿತಿ ಏರ್ಪಟ್ಟಿತು. ಮೈಸೂರು ರಾಜ್ಯ ಪಿರಿಯಾಪಟ್ಟಣದ ಬಳಿ ಬೈಲಕುಪ್ಪೆಯಲ್ಲಿ ಕಾಡುಭೂಮಿಯನ್ನು ಕೊಟ್ಟಿತು. 1960ರಲ್ಲಿ ವಸತಿ ಆರಂಭವಾಯಿತು. ಮುಂದೆ ಮುಂಡಗೋಡಿನಲ್ಲಿಯೂ ಕೊಳ್ಳೇಗಾಲದ ಕಡೆಯಲ್ಲಿಯೂ ಇಂಥ ವಸತಿಗಳು ಎದ್ದವು. ಇವರ ಪುನರ್ವಸತಿಗೆಂದೇ 1968ರಲ್ಲಿ ಹುಟ್ಟಿದ ಮೈರಾಡ ಸಂಸ್ಥೆ, ಆ ಕೆಲಸ ಮುಗಿದಂತೆ ಸುತ್ತಲಿನ ಕನ್ನಡ ರೈತರ, ಹೆಂಗಸರ ಸ್ವಸಹಾಯ ಸಂಘಗಳ ಕೆಲಸಕ್ಕೆ ತಿರುಗಿಕೊಂಡಿತು. ಡೇರೆಯಲ್ಲಿ ಪಾಲಿನ ಧಾನ್ಯಕ್ಕೆ ಕೈಯೊಡ್ಡಿ ನಿಂತಿದ್ದವರು ಮೆಕ್ಕೆಜೋಳ ಬೆಳೆದು ಸಂತೆಗೆ ತಂದರು. ಊರು ಕಳೆದುಕೊಂಡ ದುಃಖ ಅದರಿಂದ ತೀರಿತೆಂದು ಯಾರೂ ಹೇಳಲಾರರು. ಕೈಯೊಡ್ಡುವ ದುಃಖವಂತೂ ತೀರಿತು. ಕಾಕ್ಸ್ ಬಜಾರಿನ ನಿರಾಶ್ರಿತನಿಗೆ ಉಳಲು ನೆಲವಿಲ್ಲ, ಹೊರಗೆ ದುಡಿಯಲು ಕಾನೂನಿನ ಅಪ್ಪಣೆಯಿಲ್ಲ. ಆದ್ದರಿಂದ ದೂರದ ರಾಜಧಾನಿಯೊಂದರಲ್ಲಿ ಬಜೆಟ್ ಕುಗ್ಗಿದರೆ ಅವನ ತಟ್ಟೆ ಕುಗ್ಗುತ್ತದೆ.

ಇದನ್ನೆಲ್ಲ ಓದಿದ ಮೇಲೆ ಸಾಮಾನ್ಯ ಗೃಹಸ್ಥನು ಮಾಡಬೇಕಾದದ್ದೇನು? ಕೊಡದೆ ಇರುವುದಂತೂ ಅಲ್ಲ. ಗಂಟಿಗಿಂತ ಹಣ ಮೇಲು. ಏಕೆಂದರೆ ಹಣವು ಆ ದಿನ ಆ ಜಾಗದಲ್ಲಿ ಏನು ಬೇಕೋ ಅದಾಗಬಲ್ಲದು, ಹಳೆಯ ಕೋಟು ಕೋಟಾಗಿಯೇ ಉಳಿಯುತ್ತದೆ. ಮೊದಲ ವಾರದ ಕೊಡುಗೆಯಷ್ಟೇ, ಚಿತ್ರಗಳು ಪತ್ರಿಕೆಯಿಂದ ಮರೆಯಾದ ಎರಡನೆಯ ವರ್ಷದ ಕೊಡುಗೆಯೂ ಬೇಕು. ಕೊಡುವ ಮುನ್ನ ಆ ಸಂಸ್ಥೆಯನ್ನು ಮೂರು ಪ್ರಶ್ನೆ ಕೇಳಬಹುದು: ನೀವು ಯಾವ ಕೆಲಸದಲ್ಲಿ ಪಳಗಿದವರು? ಅಲ್ಲಿ ಉಳಿದವರೊಡನೆ ಕೂಡಿ ನಡೆಯುವಿರೋ, ಒಂಟಿಯಾಗಿಯೋ? ಧಾನ್ಯವನ್ನು ಯಾರ ಕೈಗೆ ಒಪ್ಪಿಸುವಿರಿ? ಹೀಗೆ ಕೇಳಿದವನನ್ನು ಜಿಪುಣನೆಂದು ಯಾರಾದರೂ ಅಂದುಕೊಂಡರೆ ಅಂದುಕೊಳ್ಳಲಿ. ಕರಿಬಂಡೆಯ ಮೇಲೆ ಲೋಟ ಹಿಡಿದು ಕುಳಿತ ತಾಯಿಗೆ ಬೇಕಾಗಿರುವುದು ಕೊಡುವವನ ಕಣ್ಣೀರಲ್ಲ. ಅಳತೆ ತಪ್ಪದ ಉಪ್ಪು ಸಕ್ಕರೆಯ ನೀರು, ಅದೂ ಇವತ್ತೇ.